ತಂಪಿನ ಭ್ರಮೆ ಮತ್ತು ಸಾಂಬಾರ್ ಈರುಳ್ಳಿ

ಸಾಂಬಾರ್ ಈರುಳ್ಳಿ ಬುಡಕ್ಕೊಂದೇ ಗೆಡ್ಡೆ ಕಟ್ಟುವ ಬೆಳೆಯಲ್ಲ. ನೆಟ್ಟ ಒಂದು ಗೆಡ್ಡೆ ಮಣ್ಣಿನಲ್ಲೇ ಹೋಳಾಗಿ ನಾಲ್ಕು, ಆರು, ಕೆಲವೊಮ್ಮೆ ಹತ್ತಕ್ಕೂ ಹೆಚ್ಚು ಮರಿಗಳ ಗೊಂಚಲಾಗುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಇದೂ ದೊಡ್ಡ ಈರುಳ್ಳಿಯೂ ಅಲಿಯಂ ಸೀಪಾ ಎಂಬ ಒಂದೇ ಪ್ರಭೇದ. ಗುಂಪುಗಟ್ಟುವ ಗುಣದಿಂದಾಗಿ ಇದನ್ನು ಅಗ್ರಿಗೇಟಮ್ ಎಂಬ ಪಂಗಡದಲ್ಲಿ ಇರಿಸಿದ್ದಾರೆ. ಯುರೋಪಿನ ಅಡುಗೆಮನೆಗಳ ಶ್ಯಾಲಟ್ ಕೂಡ ಇದೇ ಪಂಗಡದ್ದು. ಚಿಕ್ಕಬಳ್ಳಾಪುರ, ಕೋಲಾರ ಸೀಮೆಯ ಗುಲಾಬಿ ಈರುಳ್ಳಿ ನೋಡಲು ಚಿಕ್ಕದಾದರೂ ಬೀಜದಿಂದ ಬರುವ ಒಂಟಿ ಗೆಡ್ಡೆ. ಅದನ್ನು ಇದರೊಂದಿಗೆ ಬೆರೆಸಿ ಮಾತಾಡಬಾರದು. ಕರ್ನಾಟಕದಲ್ಲಿ ಸಾಂಬಾರ್ ಈರುಳ್ಳಿಯ ನೆಲೆ ಮುಖ್ಯವಾಗಿ ಚಾಮರಾಜನಗರ, ಗುಂಡ್ಲುಪೇಟೆ. ಗಡಿಯಾಚೆ ದಿಂಡಿಗಲ್, ತಿರುಚಿರಾಪಳ್ಳಿ, ಪೆರಂಬಲೂರು. ಹೊಲದ ಈ ಬೆಳೆ ಈಗ ಹಿತ್ತಲಿಗೂ ತಾರಸಿಯ ಕುಂಡಗಳಿಗೂ ಬಂದಿದೆ. ಅಂಗಡಿಯಿಂದ ತಂದ ಗಟ್ಟಿ ಗೆಡ್ಡೆಯನ್ನೇ ಊರಿದರೂ 65ರಿಂದ 70 ದಿನಗಳಲ್ಲಿ ಕೀಳಲು ಬರುತ್ತದೆ.

ಬೆಳೆಯುವುದು ಇಷ್ಟು ಸುಲಭವಾದರೂ ಉಳಿಸಿಕೊಳ್ಳುವ ಮಾತು ಬಂದಾಗ ಒಂದು ಅಭಿಪ್ರಾಯ ಊರೆಲ್ಲ ಹಬ್ಬಿ ನಿಂತಿದೆ. ಸಾಂಬಾರ್ ಈರುಳ್ಳಿ ಬಾಳಿಕೆಯ ಪದಾರ್ಥವಲ್ಲ, ಸಣ್ಣದಾದ್ದರಿಂದ ಬೇಗ ಕೆಡುತ್ತದೆ. ಕಿತ್ತ ದಿನವೇ ಎಲೆ ಕತ್ತರಿಸಿ, ಚೆನ್ನಾಗಿ ಬಿಸಿಲು ಕಾಣಿಸಿ, ಆಮೇಲೆ ತಂಪಾದ ಕತ್ತಲೆ ಜಾಗದಲ್ಲಿ, ಸಾಧ್ಯವಾದರೆ ಫ್ರಿಜ್‌ನಲ್ಲೇ, ಇಟ್ಟರೆ ಮಾತ್ರ ನಾಲ್ಕು ದಿನ ಉಳಿದೀತು ಎನ್ನುವುದು ಆ ಅಭಿಪ್ರಾಯ. ಮನೆತೋಟದ ಸಲಹೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕೈತೋಟ ಮಾಡುವವರು ಇದನ್ನೇ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಇದರ ಫಲವಾಗಿ ತಿಂಗಳಾನುಗಟ್ಟಲೆ ಅಡುಗೆಗೆ ಒದಗಬಹುದಾದ ಬೆಳೆ ಮೂರು ವಾರದಲ್ಲಿ ಕೊಳೆತು ತಿಪ್ಪೆ ಸೇರುತ್ತದೆ, ತಪ್ಪೆಲ್ಲ ಗೆಡ್ಡೆಯ ಮೇಲೆ ಬೀಳುತ್ತದೆ. ಈ ಅಭಿಪ್ರಾಯದ ಒಂದೊಂದು ಭಾಗವನ್ನೂ ಬಿಡಿಸಿ ನೋಡಿದರೆ ನಿಲ್ಲುವಂಥದ್ದು ಬಹಳ ಕಡಿಮೆ.

ಮೊದಲನೆಯದು, ಸಾಂಬಾರ್ ಈರುಳ್ಳಿ ಬಾಳುವುದಿಲ್ಲ ಎಂಬ ಮಾತು. ಅದು ನಿಜವಾಗಿದ್ದರೆ ಈ ಬೆಳೆಯೇ ಇರುತ್ತಿರಲಿಲ್ಲ. ಬೀಜದಿಂದ ಬೆಳೆಸುವ ಕೆಲವು ತಳಿಗಳು ಬಂದಿವೆಯಾದರೂ ರೈತರು ತಲೆಮಾರುಗಳಿಂದ ಇದನ್ನು ಗೆಡ್ಡೆಯಿಂದಲೇ ಬೆಳೆಸಿಕೊಂಡು ಬಂದಿದ್ದಾರೆ. ಒಂದು ಹೆಕ್ಟೇರಿಗೆ ಸುಮಾರು 1,500 ಕೆ.ಜಿ. ಬಿತ್ತನೆ ಗೆಡ್ಡೆ ಬೇಕು. ಆ ಗೆಡ್ಡೆ ನಿನ್ನೆ ಕಿತ್ತದ್ದಾಗಿದ್ದರೆ ಆಗದು. ಹೊಸ ಗೆಡ್ಡೆಗೆ ಸುಪ್ತಾವಸ್ಥೆ ಇರುವುದರಿಂದ ಅದನ್ನು ನೆಟ್ಟರೆ ಮೊಳಕೆ ತಡವಾಗಿ, ಏರುಪೇರಾಗಿ ಬರುತ್ತದೆ. ಎರಡು ಮೂರು ತಿಂಗಳು ಇಟ್ಟ ಗೆಡ್ಡೆಯೇ ನಾಟಿಗೆ ಒಳ್ಳೆಯದು. ತಮಿಳುನಾಡಿನಲ್ಲಿ ನಾಟಿಯ ಹಂಗಾಮುಗಳು ಎರಡು: ಏಪ್ರಿಲ್–ಮೇ ಒಂದು, ಅಕ್ಟೋಬರ್–ನವೆಂಬರ್ ಇನ್ನೊಂದು. ಒಂದು ಹಂಗಾಮಿನಲ್ಲಿ ಕಿತ್ತದ್ದು ಮುಂದಿನ ಹಂಗಾಮಿಗೆ ಬಿತ್ತನೆಯಾಗಬೇಕು. ನಡುವಿನ ತಿಂಗಳುಗಳನ್ನು ಅದು ಕಳೆಯುವುದು ಶೀತಲಗೃಹದಲ್ಲಲ್ಲ, ಹೊಲದ ಅಂಚಿನಲ್ಲಿ ಬಿದಿರು, ಗಳ, ಸೋಗೆಗಳಿಂದ ಕಟ್ಟಿದ, ನೆಲದಿಂದ ಎತ್ತರಿಸಿದ, ನಾಲ್ಕೂ ಕಡೆ ಗಾಳಿಯಾಡುವ ಗೂಡಿನಲ್ಲಿ. ಪೆರಂಬಲೂರು ಕಡೆಯ ರೈತರು ಇದಕ್ಕೆ ಪಟ್ಟರೈ ಎನ್ನುತ್ತಾರೆ. ವಿದ್ಯುತ್ತಿಲ್ಲ, ಯಂತ್ರವಿಲ್ಲ, ದಕ್ಷಿಣ ಭಾರತದ ಬಿಸಿಲು ಹೊರಗೆ ಸುಡುತ್ತಿರುತ್ತದೆ; ಒಳಗೆ ಟನ್ನುಗಟ್ಟಲೆ ಈರುಳ್ಳಿ ಮುಂದಿನ ನಾಟಿಗಾಗಿ ಕಾಯುತ್ತಿರುತ್ತದೆ. ಇದನ್ನು ಕೆಡುವ ಪದಾರ್ಥವೆಂದು ಕರೆಯುವವರು ಈ ಗೂಡುಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

ಗೆಡ್ಡೆಯ ಒಳಗುಣವೂ ಬಾಳಿಕೆಯ ಕಡೆಗೇ ಇದೆ. ದೊಡ್ಡ ಈರುಳ್ಳಿಯ ತೂಕದಲ್ಲಿ ಸುಮಾರು ಶೇ 89 ನೀರು. ಶ್ಯಾಲಟ್ ಪಂಗಡದ ಗೆಡ್ಡೆಯಲ್ಲಿ ಅದು ಶೇ 80ರ ಆಸುಪಾಸು. ಘನಾಂಶ ಹೆಚ್ಚು, ಖಾರ ಹೆಚ್ಚು, ಮಾಂಸ ಗಟ್ಟಿ. ಈರುಳ್ಳಿ ಜಾತಿಯಲ್ಲಿ ನೀರು ಹೆಚ್ಚಾಗಿ ಸಪ್ಪೆಯಾಗಿರುವವು ಬೇಗ ಕೆಡುತ್ತವೆ, ಗಟ್ಟಿಯಾಗಿ ಖಾರವಾಗಿರುವವು ಉಳಿಯುತ್ತವೆ ಎಂಬುದು ಬೆಳೆಗಾರರೆಲ್ಲ ಕಂಡ ಸಂಗತಿ. ಎದುರು ಪಕ್ಷದ ವಾದದಲ್ಲಿ ಸತ್ಯವಿರುವುದು ಒಂದೇ ಕಡೆ: ಸಣ್ಣ ಗೆಡ್ಡೆಗೆ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಆದ್ದರಿಂದ ಅದು ದೊಡ್ಡದಕ್ಕಿಂತ ಬೇಗ ನೀರು ಬಿಟ್ಟುಕೊಡಬಲ್ಲದು. ಆದರೆ ಆ ನೀರನ್ನು ಹಿಡಿದಿಡುವುದಕ್ಕೆಂದೇ ಗೆಡ್ಡೆಗೆ ಒಣಸಿಪ್ಪೆ ಇದೆ. ಸಿಪ್ಪೆ ಸರಿಯಾಗಿ ಕಟ್ಟಿಕೊಳ್ಳಲು ಅವಕಾಶ ಕೊಡದೆ ಕಿತ್ತು, ಗೆಡ್ಡೆ ಬಾಡಿತು ಎಂದು ದೂರುವುದರಲ್ಲಿ ಹುರುಳಿಲ್ಲ.

ಬಾಳಿಕೆಯ ಪ್ರಶ್ನೆ ಶುರುವಾಗುವುದು ಮನೆಯೊಳಗಲ್ಲ, ಪಾತಿಯಲ್ಲಿ. ಗೆಡ್ಡೆ ಬಲಿಯುವ ಹೊತ್ತಿಗೆ ಸಸ್ಯ ಹೊಸ ಎಲೆ ಹೊರಡಿಸುವುದನ್ನು ನಿಲ್ಲಿಸುತ್ತದೆ. ಆಗ ಒಳಗೆ ಹುಟ್ಟುವ ಪದರಗಳಿಗೆ ಎಲೆಯ ಅಲಗೇ ಇರುವುದಿಲ್ಲ. ಅವು ಆಹಾರ ತುಂಬಿಕೊಳ್ಳುವ ಪದರಗಳಷ್ಟೇ. ಕತ್ತಿನ ಮೂಲಕ ಹೊಸ ಎಲೆ ಏರಿ ಬರದ ಕಾರಣ ಕತ್ತು ಒಳಗೆ ಟೊಳ್ಳಾಗಿ ಮೆತ್ತಗಾಗುತ್ತದೆ, ಮೇಲಿನ ಎಲೆಯ ಭಾರಕ್ಕೆ ತಾನಾಗಿಯೇ ಬಾಗಿ ಬೀಳುತ್ತದೆ. ಎಲೆಯಲ್ಲಿದ್ದ ಸತ್ವ ಗೆಡ್ಡೆಗೆ ಇಳಿಯುವುದೂ ಆಗಲೇ. ಮೊಳಕೆಯನ್ನು ತಡೆದು ಗೆಡ್ಡೆಯನ್ನು ನಿದ್ದೆಯಲ್ಲಿಡುವ ಪದಾರ್ಥಗಳು ಇಳಿಯುವುದೂ ಆಗಲೇ. ಪಾತಿಯ ಅರ್ಧದಷ್ಟು ಗಿಡಗಳ ಕತ್ತು ಬಿದ್ದು, ಎಲೆ ಹಳದಿಯಾಗುತ್ತಿದ್ದರೆ ಕೀಳುವ ಕಾಲ ಬಂದಿತು ಎಂದರ್ಥ. ಅದಕ್ಕೆ ಮೊದಲು ಕಿತ್ತರೆ ಕತ್ತು ದಪ್ಪವಾಗಿ, ಹಸಿಯಾಗಿ, ಬಾಯಿ ತೆರೆದುಕೊಂಡೇ ಉಳಿಯುತ್ತದೆ. ಕೊಳೆಯ ಸೂಕ್ಷ್ಮಜೀವಿಗಳು ಒಳಹೋಗುವ ದಾರಿ ಅದೇ. ತೀರ ತಡಮಾಡಿದರೆ ಬೇರೆ ಅಪಾಯ: ಒಂದು ಮಳೆ ಬಿದ್ದರೆ ಬಲಿತ ಗೆಡ್ಡೆ ಹೊಸ ಬೇರು ಬಿಡುತ್ತದೆ, ಹೊರಸಿಪ್ಪೆ ಸೀಳುತ್ತದೆ.

ಈ ಹಂತದಲ್ಲಿ ಮನೆತೋಟದವರು ಮಾಡುವ ದೊಡ್ಡ ತಪ್ಪು ನೀರಿನದು. ಗೆಡ್ಡೆ ಇನ್ನಷ್ಟು ಊದಿಕೊಳ್ಳಲಿ ಎಂದು ಕೊನೆಯ ದಿನದವರೆಗೂ ಹುಯ್ಯುತ್ತಾರೆ. ಕುಂಡದ ಗಿಡಗಳಿಗಂತೂ ಬೆಳಗ್ಗೆ ಸಂಜೆ ಎರಡು ಹೊತ್ತೂ ನೀರು. ಕೀಳುವುದಕ್ಕೆ ಹತ್ತರಿಂದ ಹದಿನೈದು ದಿನ ಮೊದಲೇ ನೀರು ನಿಲ್ಲಿಸಬೇಕೆಂದು ಕೃಷಿ ವಿಶ್ವವಿದ್ಯಾಲಯಗಳು ಹೇಳುವುದು ಸುಮ್ಮನಲ್ಲ. ಕೊನೆಯಲ್ಲಿ ಕುಡಿದ ನೀರು ಗೆಡ್ಡೆಗೆ ತೂಕ ಕೊಡುತ್ತದೆ, ಆ ತೂಕ ಅಟ್ಟಕ್ಕೇರಿದ ಮೊದಲ ತಿಂಗಳಲ್ಲೇ ಆವಿಯಾಗಿ ಇಲ್ಲವೆ ಕೊಳೆಯಾಗಿ ಹೋಗುತ್ತದೆ. ಗೊಬ್ಬರದ ಕತೆಯೂ ಇಂಥದ್ದೇ. ನೆಟ್ಟ ತಿಂಗಳ ನಂತರವೂ ಯೂರಿಯಾವನ್ನೋ ಸಗಣಿ ಬಗ್ಗಡವನ್ನೋ ಸುರಿಯುತ್ತಿದ್ದರೆ ಗಿಡ ಎಲೆ ಬಿಡುತ್ತಲೇ ಹೋಗುತ್ತದೆ, ಕತ್ತು ಬೀಳುವುದಿಲ್ಲ. ದಟ್ಟ ಹಸಿರಾಗಿ ನಿಂತ ಪಾತಿಯನ್ನು ನೋಡಿ ಹಿಗ್ಗುವವರಿಗೆ ಅದು ಬಾಳಿಕೆಯಿಲ್ಲದ ಬೆಳೆಯ ಲಕ್ಷಣವೆಂದು ಯಾರೂ ಹೇಳುವುದಿಲ್ಲ.

ಕತ್ತು ಬೀಳದಿದ್ದರೆ ಬೀಳಿಸುವ ರೂಢಿಯೂ ಇದೆ. ಹಸಿರೆಲೆಗಳನ್ನು ಕಾಲಿನಿಂದ ತುಳಿದು, ಕೋಲಿನಿಂದ ಒತ್ತಿ, ಡ್ರಮ್ ಉರುಳಿಸಿ ಮಲಗಿಸುತ್ತಾರೆ. ಇದರಿಂದ ಗೆಡ್ಡೆ ಬೇಗ ಬಲಿಯುತ್ತದೆ ಎಂಬ ನಂಬಿಕೆ. ಕತ್ತು ಬೀಳುವುದು ಬಲಿತದ್ದರ ಗುರುತು, ಬಲಿಯುವುದಕ್ಕೆ ಕಾರಣವಲ್ಲ. ಇನ್ನೂ ಕೆಲಸ ಮಾಡುತ್ತಿರುವ ಎಲೆಯನ್ನು ಮುರಿದರೆ ಗೆಡ್ಡೆಗೆ ಇಳಿಯಬೇಕಾದ ಸತ್ವ ಅಲ್ಲೇ ನಿಲ್ಲುತ್ತದೆ, ಮುರಿದ ಜಾಗ ಗಾಯವಾಗಿ ಉಳಿಯುತ್ತದೆ. ನೀರು ನಿಲ್ಲಿಸಿ ಕಾಯುವುದಷ್ಟೇ ಇಲ್ಲಿ ಬೇಕಾದ ಕೆಲಸ. ಅಷ್ಟು ಕಾದರೂ ದಪ್ಪಕತ್ತಿನಲ್ಲೇ ನಿಂತ ಗಿಡಗಳಿದ್ದರೆ ಅವುಗಳ ಗೆಡ್ಡೆಯನ್ನು ಬೇರೆ ಇಟ್ಟು ಮೊದಲ ವಾರದ ಅಡುಗೆಗೆ ಬಳಸಬೇಕು, ಉಳಿಸುವ ರಾಶಿಗೆ ಸೇರಿಸಬಾರದು.

ಕೀಳುವ ಕೈಕೆಲಸಕ್ಕೆ ಹೆಚ್ಚು ಮಾತು ಬೇಡ. ಒಣಹವೆಯ ದಿನ, ಕುರ್ಪಿಯಿಂದ ಪಕ್ಕದ ಮಣ್ಣು ಸಡಿಲಿಸಿ, ಇಡೀ ಗೊಂಚಲನ್ನು ಎತ್ತಬೇಕು. ಗಟ್ಟಿ ನೆಲದಿಂದ ಎಲೆ ಹಿಡಿದು ಜಗ್ಗಿದರೆ ಕತ್ತು ಹರಿಯುತ್ತದೆ. ಮಣ್ಣು ಉದುರಿಸಲು ಗೆಡ್ಡೆಗಳನ್ನು ಒಂದಕ್ಕೊಂದು ಬಡಿಯುವುದು, ನೀರಿನಲ್ಲಿ ತೊಳೆಯುವುದು ಎರಡೂ ಸಲ್ಲ. ದೊಡ್ಡ ಈರುಳ್ಳಿಗೆ ಇಲ್ಲದ ಇನ್ನೊಂದು ಎಚ್ಚರ ಇದಕ್ಕೆ ಬೇಕು: ಮರಿಗಳನ್ನು ಬಿಡಿಸಬಾರದು. ಗೊಂಚಲಿನ ಮರಿಗಳೆಲ್ಲ ಬುಡದ ಒಂದೇ ಬಿಲ್ಲೆಗೆ ಅಂಟಿಕೊಂಡಿರುತ್ತವೆ. ಹಸಿಯಿರುವಾಗ ಕಿತ್ತು ಬೇರೆ ಮಾಡಿದರೆ ಪ್ರತಿ ಮರಿಯ ಬುಡದಲ್ಲೂ ಒಂದೊಂದು ಹಸಿಗಾಯ. ಬುಡಕೊಳೆಯ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ, ಅದಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕಿಲ್ಲ. ಚೆನ್ನಾಗಿ ಒಣಗಿದ ಮೇಲೆ ಮರಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಇನ್ನು ಬಿಸಿಲು. ಒಣಗಿಸುವುದೆಂದರೆ ಬಿಸಿಲಿಗೆ ಹರವುವುದು ಎಂದು ಮೆಣಸಿನಕಾಯಿ, ಸಂಡಿಗೆಗಳಿಂದ ಕಲಿತ ಪಾಠವನ್ನೇ ಈರುಳ್ಳಿಗೂ ಹಚ್ಚುತ್ತಾರೆ. ಅಲ್ಲಿ ಉದ್ದೇಶ ಪದಾರ್ಥದೊಳಗಿನ ನೀರನ್ನು ಪೂರ್ತಿ ತೆಗೆಯುವುದು. ಈರುಳ್ಳಿಯಲ್ಲಿ ಉದ್ದೇಶ ಅದಕ್ಕೆ ತದ್ವಿರುದ್ಧ: ಒಳಗಿನ ನೀರು ಒಳಗೇ ಉಳಿಯಬೇಕು, ಹೊರಗಿನ ಎರಡು ಮೂರು ಪದರ ಮತ್ತು ಕತ್ತು ಮಾತ್ರ ಒಣಗಿ ಬಿಗಿಯಾಗಬೇಕು. ಗೆಡ್ಡೆ ಜೀವಂತ ವಸ್ತು, ಉಸಿರಾಡುತ್ತಲೇ ಇರುತ್ತದೆ. ಏಪ್ರಿಲ್ ಮಧ್ಯಾಹ್ನದ ಸಿಮೆಂಟು ತಾರಸಿಯ ಕಾವು ಗಾಳಿಯ ಕಾವಿಗಿಂತ ಎಷ್ಟೋ ಹೆಚ್ಚು. ಅದರ ಮೇಲೆ ಬರಿಮೈಯಲ್ಲಿ ಹರವಿದ ಗೆಡ್ಡೆಯ ಒಂದು ಪಕ್ಕ ಬೆಂದು ಮೆತ್ತಗಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಬೆಂದ ಪದರಕ್ಕೆ ಆಮೇಲೆ ಬ್ಯಾಕ್ಟೀರಿಯಾ ಇಳಿದು ನಾರುವ ಮೆತ್ತಗೊಳೆ ಶುರುವಾದಾಗ ಜನ ಇಟ್ಟ ಜಾಗವನ್ನು ದೂರುತ್ತಾರೆ.

ಹೊಲದಲ್ಲಿ ತಿಳಿದವರು ಮಾಡುವ ವಿಧಾನ ಬೇರೆ. ಕಿತ್ತ ಗೊಂಚಲುಗಳನ್ನು ಎಲೆಸಮೇತ ಸಾಲಾಗಿ ಮಲಗಿಸುತ್ತಾರೆ. ಒಂದು ಸಾಲಿನ ಎಲೆಗಳು ಹಿಂದಿನ ಸಾಲಿನ ಗೆಡ್ಡೆಗಳನ್ನು ಮುಚ್ಚುತ್ತವೆ. ಹೀಗೆ ತನ್ನ ಎಲೆಯ ನೆರಳಿನಲ್ಲೇ ಮೂರರಿಂದ ಐದು ದಿನ ಗೆಡ್ಡೆ ಒಣಗುತ್ತದೆ, ಎಲೆ ಬಾಡುತ್ತ ಉಳಿದ ಸತ್ವವನ್ನೂ ಇಳಿಸುತ್ತದೆ. ಆಮೇಲೆ ಗಾಳಿಯಾಡುವ ನೆರಳಿನಲ್ಲಿ ಇನ್ನೂ ಹತ್ತು ಹನ್ನೆರಡು ದಿನ. ಮನೆಯಲ್ಲಿ ಜಗಲಿ, ಕೊಟ್ಟಿಗೆಯ ಮಾಡು, ತಾರಸಿಯ ಶೀಟಿನ ಕೆಳಗೆ ಹರಡಿದ ಬಿದಿರು ತಟ್ಟಿ ಇದಕ್ಕೆ ಧಾರಾಳವಾಗಿ ಸಾಲುತ್ತದೆ. ಕತ್ತನ್ನು ಬೆರಳಿನ ನಡುವೆ ಉಜ್ಜಿದರೆ ಜಾರುವ ತೇವ ಸಿಗಬಾರದು, ಸಿಪ್ಪೆ ಸರಸರ ಸದ್ದು ಮಾಡಬೇಕು, ಬೇರು ಮುರಿದರೆ ಪಟ್ಟೆಂದು ಮುರಿಯಬೇಕು. ಈ ಮೂರು ಗುರುತು ಸಿಕ್ಕುವವರೆಗೆ ಒಣಗಿಸುವ ಕೆಲಸ ಮುಗಿದಿಲ್ಲ. ಇಷ್ಟು ದಿನ ಕಾಯುವುದನ್ನು ಸೋಮಾರಿತನವೆಂದು ಎಣಿಸಿ ಎರಡೇ ದಿನದ ಉರಿಬಿಸಿಲಿನಲ್ಲಿ ಕೆಲಸ ಮುಗಿಸುವವರು ಹದಿನೈದು ದಿನ ಉಳಿಸಿ ನಾಲ್ಕು ತಿಂಗಳು ಕಳೆದುಕೊಳ್ಳುತ್ತಾರೆ.

ಕಿತ್ತ ದಿನವೇ ಎಲೆ ಕತ್ತರಿಸುವುದಂತೂ ಇಡೀ ಅಭಿಪ್ರಾಯದಲ್ಲಿ ಅತ್ಯಂತ ಹಾನಿಕರ ಭಾಗ. ಚೊಕ್ಕಟವಾಗಿ ಕಾಣಲಿ ಎಂದು ಗೆಡ್ಡೆಯ ನೆತ್ತಿಗೆ ಸರಿಯಾಗಿ ಕತ್ತರಿ ಆಡಿಸುತ್ತಾರೆ. ಹಸಿ ಕತ್ತನ್ನು ಹೀಗೆ ಕೊಯ್ದರೆ ಪದರಗಳೆಲ್ಲ ಮೇಲ್ಮುಖವಾಗಿ ತೆರೆದುಕೊಂಡು ಕೂರುತ್ತವೆ. ಎಲೆಯಿಂದ ಇಳಿಯಬೇಕಿದ್ದುದೂ ಕತ್ತರಿಸಿ ಹೋಗುವುದರಿಂದ ನಿದ್ದೆಯ ಅವಧಿ ಕಡಿಮೆಯಾಗಿ ಮೊಳಕೆ ಬೇಗ ಬರುತ್ತದೆ. ಎಲೆ ಪೂರ್ತಿ ಬಾಡಿದ ಮೇಲೆ, ಎರಡರಿಂದ ಎರಡೂವರೆ ಸೆಂಟಿಮೀಟರ್ ಕತ್ತು ಬಿಟ್ಟು ಕತ್ತರಿಸುವುದು ಸರಿ. ಆ ತುಂಡು ಒಣಗಿ ತಿರುಚಿಕೊಂಡು ಗೆಡ್ಡೆಗೆ ಬೀಗವಾಗುತ್ತದೆ.

ಕತ್ತರಿಸದೆಯೇ ಇಡುವುದು ಇನ್ನೂ ಒಳ್ಳೆಯದು, ಅದಕ್ಕೆ ಸಾಕ್ಷಿ ಹೆದ್ದಾರಿಯ ಅಂಚಿನಲ್ಲೇ ತೂಗುತ್ತಿರುತ್ತದೆ. ಉತ್ತರ ಕನ್ನಡದ ಕುಮಟಾ ಸುತ್ತಿನ ಹಂದಿಗೋಣ, ವನ್ನಳ್ಳಿ, ಅಳ್ವೆಕೋಡಿ ಊರುಗಳ ಸಿಹಿ ಈರುಳ್ಳಿಯನ್ನು ಬೇಸಿಗೆಯಲ್ಲಿ ಒಣಗಿದ ಎಲೆಸಮೇತ ಜಡೆಯಾಗಿ ಹೆಣೆದು ಗೊಂಚಲು ಗೊಂಚಲಾಗಿ ತೂಗುಹಾಕಿ ಮಾರುತ್ತಾರೆ. ಕೊಂಡವರು ಮನೆಯ ಜಂತಿಗೆ ಕಟ್ಟುತ್ತಾರೆ. ಅದು ಖಾರ ಕಡಿಮೆಯಿರುವ, ರಸ ಹೆಚ್ಚಿರುವ ಈರುಳ್ಳಿ, ಕರಾವಳಿಯೋ ತೇವದ ಸೀಮೆ. ಎರಡೂ ಬಾಳಿಕೆಗೆ ವಿರೋಧ. ಆದರೂ ಅಲ್ಲಿಯ ಮನೆಗಳು ಅದನ್ನು ಉಳಿಸಿಕೊಳ್ಳುವುದು ಕತ್ತು ಕೊಯ್ಯದೆ, ಗೆಡ್ಡೆಗೆ ಗೆಡ್ಡೆ ಒತ್ತದಂತೆ, ಗಾಳಿಯಲ್ಲಿ ತೂಗುಬಿಡುವುದರಿಂದ. ಇದಕ್ಕಿಂತ ಗಟ್ಟಿಯಾದ ಸಾಂಬಾರ್ ಈರುಳ್ಳಿಗೆ ಆ ಉಪಚಾರ ಸಿಕ್ಕರೆ ಅದು ಕೆಡಬೇಕಾದ ಕಾರಣವೇ ಇಲ್ಲ. ಮನೆತೋಟದಲ್ಲಿ ಬರುವ ಐದು ಹತ್ತು ಕಿಲೋ ಬೆಳೆಗೆ ನಾಲ್ಕಾರು ಜಡೆ ಹೆಣೆದರೆ ಮುಗಿಯಿತು.

ಈಗ ತಂಪಿನ ಮಾತು. ತಂಪಿನಲ್ಲಿ ಎಲ್ಲವೂ ನಿಧಾನವಾಗಿ ಕೆಡುತ್ತದೆ ಎನ್ನುವುದು ಹಾಲಿಗೆ, ಸೊಪ್ಪಿಗೆ, ಮಾಂಸಕ್ಕೆ ನಿಜ. ಈರುಳ್ಳಿಯ ಮೊಳಕೆ ಆ ಲೆಕ್ಕಕ್ಕೆ ಒಗ್ಗುವುದಿಲ್ಲ. ಸೊನ್ನೆ ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ಬಹಳ ನಿಧಾನ. 25ರಿಂದ 30 ಡಿಗ್ರಿಯಲ್ಲೂ ಅದು ಬಹಳ ನಿಧಾನ. ಅತ್ಯಂತ ಚುರುಕಾಗುವುದು ಇವೆರಡರ ನಡುವೆ, ಮುಖ್ಯವಾಗಿ 10ರಿಂದ 20 ಡಿಗ್ರಿಯ ಹಂತದಲ್ಲಿ. ಅಂದರೆ ಮನುಷ್ಯರು ಹಿತವಾದ ತಂಪು ಎಂದು ಕರೆಯುವ ಕಾವೇ ಗೆಡ್ಡೆಯನ್ನು ಎಬ್ಬಿಸುವ ಕಾವು. ಭಾರತದಲ್ಲಿ ಸಾಮಾನ್ಯ ಉಗ್ರಾಣಕ್ಕೆ ಶಿಫಾರಸು ಮಾಡುವ ಪರಿಸ್ಥಿತಿ 25ರಿಂದ 30 ಡಿಗ್ರಿ ಕಾವು, ಶೇ 65ರಿಂದ 70 ತೇವಾಂಶ. ಬಯಲುಸೀಮೆಯ ಮನೆಯ ಅಟ್ಟ ವರ್ಷದ ಬಹುಭಾಗ ಹೆಚ್ಚು ಕಡಿಮೆ ಇದೇ ಸ್ಥಿತಿಯಲ್ಲಿರುತ್ತದೆ. ಹಿಂದಿನವರು ಈರುಳ್ಳಿಯನ್ನು ಅಟ್ಟಕ್ಕೆ ಏರಿಸುತ್ತಿದ್ದುದು ಜಾಗವಿಲ್ಲದ್ದಕ್ಕಲ್ಲ.

ಫ್ರಿಜ್ ಎರಡು ಬಗೆಯಿಂದ ತಪ್ಪು. ಅದರ ಕಾವು ಸಾಮಾನ್ಯವಾಗಿ 4ರಿಂದ 8 ಡಿಗ್ರಿ; ಮೊಳಕೆಯನ್ನು ನಿಲ್ಲಿಸುವಷ್ಟು ತಂಪೂ ಅಲ್ಲ, ನಿದ್ದೆಯಲ್ಲಿಡುವಷ್ಟು ಬೆಚ್ಚಗೂ ಅಲ್ಲ. ತರಕಾರಿ ಡಬ್ಬದೊಳಗಿನ ತೇವ ಸೊಪ್ಪು ಬಾಡದಿರಲೆಂದು ಇರಿಸಿದ್ದು. ಆ ತೇವದಲ್ಲಿ ಒಣಸಿಪ್ಪೆ ಮತ್ತೆ ನೀರು ಹೀರಿ ಮೆತ್ತಗಾಗುತ್ತದೆ, ಬುಡದಲ್ಲಿ ಬಿಳಿ ಬೇರು ಇಣುಕುತ್ತದೆ, ನೀಲಿ ಬೂಷ್ಟು ಹಿಡಿಯುತ್ತದೆ. ಹೊರಗೆ ತೆಗೆದಾಗ ತಣ್ಣನೆಯ ಗೆಡ್ಡೆಯ ಮೇಲೆ ಹನಿಗಟ್ಟಿ ಇನ್ನೊಮ್ಮೆ ಒದ್ದೆಯಾಗುತ್ತದೆ. ಸುಲಿದ, ಹೆಚ್ಚಿದ ಈರುಳ್ಳಿಗೆ ಫ್ರಿಜ್ ಬೇಕು. ಸಿಪ್ಪೆಯೊಳಗಿನ ಇಡೀ ಗೆಡ್ಡೆಗೆ ಅದು ಬೇಡ. ದೊಡ್ಡ ಶೀತಲಗೃಹಗಳು ಈರುಳ್ಳಿಯನ್ನು ಇಡುವುದಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಇಡುತ್ತವೆ, ಆದರೆ 0ರಿಂದ 2 ಡಿಗ್ರಿಯಲ್ಲಿ, ಗಾಳಿಯ ತೇವವನ್ನು ಯಂತ್ರದಿಂದ ಹಿಡಿತದಲ್ಲಿಟ್ಟು. ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ 2002ರಲ್ಲಿ ಆರಂಭಿಸಿದ ಕೃಷಕ್ ಘಟಕದಲ್ಲಿ ಈರುಳ್ಳಿಯ ಮೊಳಕೆ ತಡೆಯಲು ವಿಕಿರಣವನ್ನೇ ಬಳಸುತ್ತಾರೆ. ಅವೆಲ್ಲ ವ್ಯಾಪಾರದ ಪ್ರಮಾಣಕ್ಕೆ ಹೊಂದುವ ಏರ್ಪಾಡುಗಳು. ಮನೆಯ ಫ್ರಿಜ್ಜನ್ನು ಅವುಗಳ ಚಿಕ್ಕ ರೂಪವೆಂದು ಭಾವಿಸುವುದು ತಪ್ಪು ಲೆಕ್ಕ.

ತಂಪಾದ ಕತ್ತಲೆ ಜಾಗ ಎಂಬ ಸೂತ್ರ ತನ್ನ ಊರಿನಲ್ಲಿ ಸುಳ್ಳಲ್ಲ. ಇಂಗ್ಲೆಂಡಿನ ಕೈತೋಟದಲ್ಲಿ ಶ್ಯಾಲಟ್ ಕೀಳುವುದು ಜುಲೈ ಆಸುಪಾಸಿನಲ್ಲಿ. ಬೇಸಿಗೆಯಲ್ಲಿ ಒಣಗಿಸಿದ್ದನ್ನು ಚಳಿಗಾಲಕ್ಕೆ ಹಿಮ ತಾಗದ ಕೊಟ್ಟಡಿಯಲ್ಲಿ ಇಡುತ್ತಾರೆ. ಅಲ್ಲಿ ತಂಪು ಎಂದರೆ ಸೊನ್ನೆಗೆ ಹತ್ತಿರದ ಚಳಿ, ಅದೂ ತಿಂಗಳುಗಟ್ಟಲೆ. ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ, ಸಕಲೇಶಪುರದಲ್ಲಿ ತಂಪಾದ ಕತ್ತಲೆ ಜಾಗವೆಂದರೆ ಮಳೆಗಾಲದ ಹದಿನೆಂಟು ಇಪ್ಪತ್ತು ಡಿಗ್ರಿಯ, ಗಾಳಿಯಿಲ್ಲದ, ಗೋಡೆ ಬೆವರುವ ಮೂಲೆ. ಮೊಳಕೆಗೆ ಅದಕ್ಕಿಂತ ಹಿತವಾದ ಜಾಗ ಹುಡುಕಿದರೂ ಸಿಗದು. ಶೀತದೇಶದ ಸಲಹೆಯನ್ನು ಕಾವಿನ ಅಂಕಿಯಿಲ್ಲದೆ ಬರೀ ಮಾತಿನಲ್ಲಿ ಆಮದು ಮಾಡಿಕೊಂಡದ್ದರ ಫಲ ಇದು. ಇಲ್ಲಿಯ ಹವೆಗೆ ಇಲ್ಲಿಯ ರೈತರು ಕಂಡುಕೊಂಡ ಗೂಡು ಕಣ್ಣೆದುರೇ ಇರುವಾಗ ಅದನ್ನು ಕೇಳದೆ ಬೇರೆ ಖಂಡದ ಕೊಟ್ಟಡಿಯನ್ನು ಅನುಸರಿಸುವುದು ನೋವಿನ ಸಂಗತಿ.

ಬೆಚ್ಚಗಿರುವುದೊಂದೇ ಸಾಲದು ಎಂಬುದನ್ನೂ ಒತ್ತಿ ಹೇಳಬೇಕು. ಬೆಚ್ಚಗಿನ ಜೊತೆ ತೇವ ಸೇರಿದರೆ ಕಪ್ಪು ಬೂಷ್ಟು ಬರುತ್ತದೆ. ಆಸ್ಪರ್ಜಿಲಸ್ ನೈಗರ್ ಎಂಬ ಈ ಶಿಲೀಂಧ್ರಕ್ಕೆ 30 ಡಿಗ್ರಿ ಆಸುಪಾಸಿನ ಕಾವು ಬಹಳ ಇಷ್ಟ. ಸಿಪ್ಪೆಯಡಿಯಲ್ಲಿ ಮಸಿಪುಡಿ ಎರಚಿದಂತೆ ಕಾಣುವುದು ಅದೇ. ಆದರೆ ಸಿಪ್ಪೆ ಒಣಗಿಯೇ ಇದ್ದರೆ ಅದು ಬೇರೂರಲಾರದು. ಹಾಗಾಗಿ ಅಟ್ಟದಲ್ಲಿ ಗಾಳಿಯ ಹರಿವು ಇರಲೇಬೇಕು. ಮಲೆನಾಡು, ಕರಾವಳಿಗಳ ಆಷಾಢ ಶ್ರಾವಣದಲ್ಲಿ ಗಾಳಿಯೇ ಒದ್ದೆ. ಅಲ್ಲಿ ಒಲೆಯ ಮೇಲಿನ ಅಟ್ಟ, ಹೊಗೆ ಆಡುವ ಜಂತಿ ಈ ಕೆಲಸಕ್ಕೆ ಒದಗುತ್ತಿದ್ದವು. ಸೌದೆ ಒಲೆಯಿಲ್ಲದ ಇಂದಿನ ಮನೆಯಲ್ಲಿ ಅಡುಗೆಮನೆಯ ಎತ್ತರದ, ಸಿಂಕಿನಿಂದ ದೂರದ ತೆರೆದ ಹಲಗೆ ಅದಕ್ಕೆ ತಕ್ಕ ಬದಲಿ. ಆ ಸೀಮೆಯವರು ಮಳೆಗಾಲಕ್ಕೆ ದೊಡ್ಡ ದಾಸ್ತಾನು ಇಡುವ ಆಸೆ ಬಿಡುವುದೇ ಮೇಲು ಎಂಬುದನ್ನು ಒಪ್ಪಬೇಕು. ಉಳಿಸುವ ಉದ್ದೇಶದ ಬೆಳೆಯನ್ನು ನವೆಂಬರ್ ಸುಮಾರಿಗೆ ನೆಟ್ಟು ಜನವರಿ, ಫೆಬ್ರವರಿಯ ಒಣಹವೆಯಲ್ಲಿ ಕೀಳುವಂತೆ ಕಾಲ ಹೊಂದಿಸಿಕೊಂಡರೆ ಅರ್ಧ ತೊಂದರೆ ಇಲ್ಲವಾಗುತ್ತದೆ. ಮುಂಗಾರಿನ ಆರಂಭದಲ್ಲಿ ನೆಟ್ಟು ಮಳೆಯಲ್ಲಿ ಕಿತ್ತ ಬೆಳೆ ಯಾರ ಕೈಯಲ್ಲೂ ಅಷ್ಟು ಬಾಳದು. ಚಿತ್ರದುರ್ಗ, ಗದಗ ಸೀಮೆಯ ಮುಂಗಾರಿನ ದೊಡ್ಡ ಈರುಳ್ಳಿ ಕಿತ್ತ ಕೂಡಲೇ ಮಾರುಕಟ್ಟೆಗೆ ಧಾವಿಸುವುದಕ್ಕೂ ಇದೇ ಕಾರಣ, ಗಾತ್ರ ಕಾರಣವಲ್ಲ.

ಇಡುವ ಪಾತ್ರೆಯ ವಿಷಯ ಚಿಕ್ಕದು. ಪ್ಲಾಸ್ಟಿಕ್ ಕವರ್, ಮುಚ್ಚಳದ ಡಬ್ಬ, ಸಿಮೆಂಟು ಗೊಬ್ಬರಗಳ ಹೆಣೆದ ಪ್ಲಾಸ್ಟಿಕ್ ಚೀಲ ಯಾವುದೂ ಬೇಡ; ಗೆಡ್ಡೆ ಉಸಿರಾಡಿ ಬಿಟ್ಟ ಆವಿ ಅವುಗಳ ಒಳಗೆ ಹನಿಯಾಗಿ ನಿಲ್ಲುತ್ತದೆ. ಬಲೆ ಚೀಲ, ಬಿದಿರು ಬುಟ್ಟಿ, ಸಡಿಲ ನೇಯ್ಗೆಯ ಗೋಣಿ, ಜಡೆ ಇವು ಒಳ್ಳೆಯವು. ಬುಟ್ಟಿಯಾದರೆ ಒಂದು ಗೇಣಿಗಿಂತ ಎತ್ತರಕ್ಕೆ ಪೇರಿಸದೆ, ನೆಲಕ್ಕೆ ತಾಗದಂತೆ ಇಡಬೇಕು. ಆಲೂಗಡ್ಡೆಯ ಪಕ್ಕ ಬೇಡವೇ ಬೇಡ, ಅದು ಬಿಡುವ ತೇವವನ್ನು ಈರುಳ್ಳಿ ಎಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಕೈಯಾಡಿಸಿ ಮೆತ್ತಗಾದದ್ದನ್ನು, ಬುಡ ಕಪ್ಪಾದದ್ದನ್ನು ಆರಿಸಿ ತೆಗೆಯಬೇಕು. ಒಂದು ಕೊಳೆತ ಗೆಡ್ಡೆಯ ರಸ ಸುತ್ತಲಿನ ಹತ್ತನ್ನು ಒದ್ದೆ ಮಾಡುತ್ತದೆ. ಮೊಳಕೆ ಬಂದದ್ದನ್ನು ಎಸೆಯುವುದು ಬೇಡ, ಹಸಿರು ಕುಡಿಯೊಂದಿಗೆ ಒಗ್ಗರಣೆಗೆ ಹಾಕಬಹುದು, ಕುಂಡಕ್ಕೂ ಊರಬಹುದು.

ಹೀಗೆ ನೀರು ಸಮಯಕ್ಕೆ ನಿಲ್ಲಿಸಿ, ಕತ್ತು ಬಿದ್ದ ಮೇಲೆ ಕಿತ್ತು, ನೆರಳಿನಲ್ಲಿ ಒಣಗಿಸಿ, ಗಾಳಿಯಲ್ಲಿಟ್ಟ ಸಾಂಬಾರ್ ಈರುಳ್ಳಿ ನಾಲ್ಕೈದು ತಿಂಗಳು ಗಟ್ಟಿಯಾಗಿ ಉಳಿಯುತ್ತದೆ. ಅಷ್ಟರಲ್ಲಿ ಮುಂದಿನ ನಾಟಿಯ ಕಾಲ ಬಂದಿರುತ್ತದೆ. ಮನೆತೋಟದವರು ರಾಶಿಯಲ್ಲಿ ದೊಡ್ಡದನ್ನೆಲ್ಲ ಅಡುಗೆಗೆ ಆರಿಸಿಕೊಂಡು, ಉಳಿದ ಸೊರಗಲನ್ನು ಬಿತ್ತನೆಗೆ ಬಿಡುವುದು ಬೇಡ. ಅಟ್ಟದಲ್ಲಿ ಕೊನೆಯವರೆಗೂ ಮೊಳೆಯದೆ, ಮೆತ್ತಗಾಗದೆ ನಿಂತ ಮಧ್ಯಮ ಗಾತ್ರದ ಗೆಡ್ಡೆಗಳನ್ನೇ ಪ್ರತಿ ವರ್ಷ ನಾಟಿಗೆ ತೆಗೆದಿಡಲಿ. ಬಾಳಿಕೆಯ ಗುಣವಿರುವ ಗೆಡ್ಡೆಗಳು ಮನೆಯಲ್ಲೇ ಉಳಿಯುವುದಕ್ಕೆ ಅದೇ ದಾರಿ.